ಕೆಲವು ಸಾವಿರ ಜನರನ್ನು ನೋಡಿ ಇಡೀ ದೇಶದ ಆರೋಗ್ಯ ಹೇಗೆ ಹೇಳ್ತಾರೆ?

ಆಸ್ಪತ್ರೆಗಳಲ್ಲಿ ಅಷ್ಟೊಂದು ದಾಖಲೆ ಇರುವಾಗ ಮನೆ ಮನೆ ಸರ್ವೆ ಯಾಕೆ, ಅದೂ ಕೆಲವೇ ಸಾವಿರ ಜನರನ್ನು ನೋಡಿ ಏನು ಗೊತ್ತಾಗುತ್ತದೆ, ಮತ್ತೆ ಮತ್ತೆ ಯಾಕೆ ಮಾಡಬೇಕು ಅಂತ ಕೇಳಿದ್ದೀರಿ. ಇಂಥ ಸರ್ವೆಯಲ್ಲಿ ನಾನು ಮನೆಗಳಿಗೆ ಹೋಗಿ ಕೆಲಸ ಮಾಡಿದ್ದೇನೆ. ಅಲ್ಲಿ ಕಂಡದ್ದರಿಂದಲೇ ಶುರು ಮಾಡುತ್ತೇನೆ.

ನಮ್ಮ ಪಟ್ಟಿಯಲ್ಲಿದ್ದ ಒಂದು ಮನೆಗೆ ಮೂರು ಸಲ ಹೋದಾಗಲೂ ಬೀಗ. ಪಕ್ಕದ ಮನೆಯವರು ಕುರ್ಚಿ ಹಾಕಿ, "ನಾವಿದ್ದೇವಲ್ಲ, ನಮ್ಮನ್ನೇ ಕೇಳಿ" ಅಂದರು. ಆಗುವುದಿಲ್ಲ ಎಂದು ಹೇಳಬೇಕಾಯಿತು. ನಾಲ್ಕನೇ ಸಲ ರಾತ್ರಿ ಹೋದಾಗ ಆ ಮನೆಯ ಯಜಮಾನರು ಸಿಕ್ಕರು. ನಲವತ್ತರ ಆಸುಪಾಸು. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ" ಅಂದರು. ಐದು ನಿಮಿಷ ಸುಮ್ನೆ ಕೂರಿಸಿ, ತೋಳನ್ನು ಮೇಜಿನ ಮೇಲೆ ಇಡಿಸಿ ಬಿಪಿ ನೋಡಿದೆ. ಮೇಲಿನ ಅಂಕಿ 170 ದಾಟಿತ್ತು. ಬಿಡುವು ಕೊಟ್ಟು ಇನ್ನೆರಡು ಸಲ ನೋಡಿದರೂ ಇಳಿಯಲಿಲ್ಲ. ಅವರು ಬಿಪಿ ನೋಡಿಸಿಕೊಂಡದ್ದೇ ಅದು ಮೊದಲು. ಅಂಕಿ ಬರೆದ ಚೀಟಿ ಕೈಗೆ ಕೊಟ್ಟು, ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ ಎಂದು ಹೇಳಿ ಬಂದೆ.

ಈ ಮನುಷ್ಯ ಯಾವ ಆಸ್ಪತ್ರೆಯ ದಾಖಲೆಯಲ್ಲಿ ಸಿಗುತ್ತಾರೆ ಹೇಳಿ? ಅಲ್ಲಿರುವುದು ಬಂದವರ ಲೆಕ್ಕ ಮಾತ್ರ. ಬಿಪಿ, ಶುಗರ್ ಇದ್ದೂ ಗೊತ್ತಿಲ್ಲದವರು, ಗೊತ್ತಿದ್ದರೂ ಹೋಗಲಾಗದವರು ಅದರಲ್ಲಿ ಇಲ್ಲ. ಬರೀ ಬಾಯಿಮಾತಿನಲ್ಲಿ ಕೇಳಿದರೂ ಸಾಲದು. ಜನ ತಮ್ಮ ಎತ್ತರವನ್ನು ಸ್ವಲ್ಪ ಜಾಸ್ತಿ, ತೂಕವನ್ನು ಸ್ವಲ್ಪ ಕಡಿಮೆ ಹೇಳುವುದು ಸಾಮಾನ್ಯ. ಅದಕ್ಕೇ ಒಳ್ಳೆಯ ಸರ್ವೆ ತಕ್ಕಡಿ, ಟೇಪು, ಬಿಪಿ ಯಂತ್ರ ಹೊತ್ತುಕೊಂಡೇ ಹೋಗುತ್ತದೆ.

ಇನ್ನು ಕೆಲವೇ ಸಾವಿರದ ವಿಷಯ. ರಕ್ತ ಪರೀಕ್ಷೆಗೆ ಒಂದಿಷ್ಟು ಹನಿ ಸಾಕು, ಯಾಕೆಂದರೆ ಹೃದಯ ಅದನ್ನು ಸದಾ ಕಲಸುತ್ತಲೇ ಇರುತ್ತದೆ. ಜನ ಹಾಗೆ ಕಲಸಿಕೊಂಡಿರುವುದಿಲ್ಲ. ಇರುವವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ. ಆ ಕೆಲಸವನ್ನು ಲಾಟರಿ ಮಾಡುತ್ತದೆ. ಮೊದಲು ಊರು ಮತ್ತು ವಾರ್ಡುಗಳನ್ನು, ಆಮೇಲೆ ಅವುಗಳೊಳಗೆ ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ನೇರವಾಗಿ ಚೀಟಿ ಎತ್ತಿ ಆರಿಸಿದ 1,000 ಜನರಿಂದ ಬಂದ ಶೇಕಡಾವಾರು ಅಂಕಿ ಹೆಚ್ಚುಕಡಿಮೆ 3 ಅಂಶದಷ್ಟು ಆಚೀಚೆ ಇರಬಹುದು, ಅಂದರೆ 50 ಬಂದರೆ ನಿಜ 47ರಿಂದ 53ರ ಒಳಗೆ; ಹೀಗೆ ಊರು, ವಾರ್ಡುಗಳ ಮೂಲಕ ಆರಿಸಿದಾಗ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಹೆಚ್ಚು. ದೇಶದಲ್ಲಿ ಒಂದು ಕೋಟಿ ಜನ ಇರಲಿ, ನೂರು ಕೋಟಿ ಇರಲಿ, ಇದು ಬದಲಾಗುವುದಿಲ್ಲ. ಬೀಗ ಹಾಕಿದ ಮನೆ ಬಿಟ್ಟು ಪಕ್ಕದ ಮನೆ ಹಿಡಿದರೆ ಮಾತ್ರ ಎಲ್ಲ ಕೆಟ್ಟಿತು. ಹಗಲು ಮನೆಯಲ್ಲಿ ಸಿಗುವವರೇ ತುಂಬಿಕೊಳ್ಳುತ್ತಾರೆ, ದುಡಿಯಲು ಹೋದವರು ಲೆಕ್ಕದಿಂದ ಜಾರಿಹೋಗುತ್ತಾರೆ. ನಾಲ್ಕನೇ ಸಲ ಹೋಗುವುದು ಎಷ್ಟು ಮುಖ್ಯ ಅಂತ ಇದರಿಂದ ತಿಳಿಯುತ್ತದೆ ಅಲ್ವಾ?

ಮತ್ತೆ ಮತ್ತೆ ಮಾಡುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ್ದು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸರ್ವೆಯಲ್ಲಿ ಟ್ರೇಲರ್‌ಗಳಲ್ಲೇ ಲ್ಯಾಬ್ ಕಟ್ಟಿಕೊಂಡು ಊರೂರಿಗೆ ಹೋಗುತ್ತಾರೆ. 1976ರಿಂದ 1980ರವರೆಗಿನ ಸುತ್ತಿನಲ್ಲಿ ಜನರ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಅಳೆದರು. ಅದೇ ಹೊತ್ತಿಗೆ ಪೆಟ್ರೋಲಿಗೆ ಸೇರಿಸುವ ಸೀಸ ಕಡಿಮೆಯಾಗುತ್ತಿತ್ತು. ಜನರ ರಕ್ತದ ಸರಾಸರಿ ಸೀಸ ಅದರ ಜೊತೆಜೊತೆಗೇ ಸುಮಾರು ಶೇ. 37 ಇಳಿಯಿತು. ಯಾವ ಆಸ್ಪತ್ರೆಗೂ ಇದು ಕಾಣುತ್ತಿರಲಿಲ್ಲ, ಯಾಕೆಂದರೆ ಆ ಜನ ರೋಗಿಗಳೇ ಅಲ್ಲ. 1985ರಲ್ಲಿ ಅಲ್ಲಿನ ಸರ್ಕಾರ ಪೆಟ್ರೋಲಿನ ಸೀಸಕ್ಕೆ ಬಿಗಿ ಮಿತಿ ಹಾಕಿದಾಗ ಈ ಅಂಕಿಗಳು ದೊಡ್ಡ ಸಾಕ್ಷಿಯಾದವು. 1999ರಿಂದ ಆ ಸರ್ವೆ ನಿಲ್ಲದೆ ನಡೆಯುವ ಕೆಲಸವಾಯಿತು, ವರ್ಷಕ್ಕೆ ಸುಮಾರು 5,000 ಜನ.

ಆದರೆ ಪ್ರತಿ ಸಲವೂ ಒಂದೇ ರೀತಿ ಅಳೆಯಬೇಕು. ಬೆರಳಿಗೆ ಚುಚ್ಚಿ ತೆಗೆದ ಹನಿಯೂ ತೋಳಿನ ರಕ್ತನಾಳದಿಂದ ತೆಗೆದ ರಕ್ತವೂ ಹಿಮೋಗ್ಲೋಬಿನ್‌ಗೆ ಒಂದೇ ಅಂಕಿ ಕೊಡುವುದಿಲ್ಲ. ಹೋದ ಸಲ ಒಂದು, ಈ ಸಲ ಇನ್ನೊಂದು ಮಾಡಿದರೆ ರಕ್ತಹೀನತೆ ನಿಜವಾಗಿ ಹೆಚ್ಚಿತೋ, ವಿಧಾನ ಬದಲಾದದ್ದಕ್ಕೆ ಹಾಗೆ ಕಂಡಿತೋ ಹೇಳಲಾಗದು. ಎರಡು ಸುತ್ತಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಬರೆದ ಸುದ್ದಿ ಕಂಡಾಗ ಇದನ್ನು ಮೊದಲು ನೋಡಿ.

ಮುಂದೆ ನಿಮ್ಮ ಮನೆಯೇ ಆಯ್ಕೆಯಾದರೆ, ಬೇಡ ಅನ್ನುವ ಹಕ್ಕು ನಿಮಗೆ ಖಂಡಿತ ಇದೆ. ಹೆಸರು ಎಲ್ಲಿಗೆ ಹೋಗುತ್ತದೆ, ರಕ್ತದಲ್ಲಿ ಏನೇನು ನೋಡುತ್ತೀರಿ ಅಂತ ಧೈರ್ಯವಾಗಿ ಕೇಳಿ. ಉತ್ತರ ಸರಿ ಅನಿಸಿದರೆ ಅರ್ಧ ಗಂಟೆ ಕೊಡಿ.