ಶಾರ್ಕ್ ಬರಲಿಲ್ಲವೆಂದು ಜಾಗ ಬದಲಿಸಬೇಡಿ, ಜಾಡು ನೋಡಿ

ಮಧ್ಯಾಹ್ನದೊಳಗೆ ನಾಲ್ಕು ಜಾಗ ಬದಲಿಸಿದಿರಿ, ಕಚ್ಚಿದ ಒಂದೇ ಒಂದು ಶಾರ್ಕ್ ದಾರ ಹರಿದುಕೊಂಡು ಹೋಯಿತು, ಬಾಡಿಗೆ ಕೊಟ್ಟು ನಿಮ್ಮ ಬೋಟಿನಲ್ಲಿ ಶಾರ್ಕ್ ಹಿಡಿಯಲು ಬಂದವರು ಮುಖ ಸಣ್ಣದು ಮಾಡಿಕೊಂಡು ಇಳಿದರು. ಎರೆ ಬದಲಿಸಲೇ, ಇನ್ನೂ ದೂರ ಹೋಗಲೇ, ದುಡ್ಡು ವಾಪಸ್ ಕೊಡಲೇ ಅಂತ ಕೇಳಿದ್ದೀರಿ. ಇಂಥ ದಿನ ನನಗೆ ಹೊಸದಲ್ಲ, ಈ ಕೆಲಸ ಮಾಡುವ ಯಾರಿಗೂ ಹೊಸದಲ್ಲ. ಎರೆಯ ತಪ್ಪೂ ಅಲ್ಲ, ಜಾಗದ ತಪ್ಪೂ ಅಲ್ಲ. ಮತ್ತೆ ಮತ್ತೆ ಎಂಜಿನ್ ಶುರು ಮಾಡಿ ಹೊರಟದ್ದೇ ದಿನವನ್ನು ಕೆಡಿಸಿತು.

ಶಾರ್ಕ್ ಬೇಟೆಯಲ್ಲಿ ನಾವು ಮೀನನ್ನು ಹುಡುಕಿಕೊಂಡು ಹೋಗುವುದಿಲ್ಲ, ಅದನ್ನೇ ಬೋಟಿನ ಹತ್ತಿರಕ್ಕೆ ಕರೆಸಿಕೊಳ್ಳುತ್ತೇವೆ. ಅರೆದ ಮೀನು, ಎಣ್ಣೆ, ರಕ್ತ ಸೇರಿದ ಚಮ್ ನೀರಿನಲ್ಲಿ ಬಿಡುವ ವಾಸನೆಯ ಜಾಡೇ ಕರೆಯೋಲೆ. ಬೋಟ್ ನೀರಿಗಿಂತ 1 ನಾಟ್, ಅಂದರೆ ಗಂಟೆಗೆ 1.85 ಕಿಲೋಮೀಟರ್ ಹೆಚ್ಚು ವೇಗದಲ್ಲಿ ತೇಲಿದರೆ, ಮೂರು ಗಂಟೆಯಲ್ಲಿ ಐದೂವರೆ ಕಿಲೋಮೀಟರ್ ಜಾಡು ಬೀಳುತ್ತದೆ. ಅದರ ಹಳೆಯ ತುದಿಯಲ್ಲಿ ವಾಸನೆ ಹಿಡಿದ ಶಾರ್ಕ್ ಅಷ್ಟೂ ದೂರ ಈಜಿಕೊಂಡು ಬರಬೇಕು. ಒಂದೂವರೆ ಗಂಟೆಗೆ ನಿಮಗೆ ಬೇಸರ ಬಂದು ಮೂರು ಕಿಲೋಮೀಟರ್ ಆಚೆ ಹೋದಿರಿ ಅನ್ನಿ. ಜಾಡು ಹಿಡಿದು ಬರುತ್ತಿದ್ದ ಮೀನು ನೀವು ಬಿಟ್ಟುಹೋದ ಜಾಗಕ್ಕೆ ಬಂದು, ಅಲ್ಲಿ ಏನೂ ಸಿಗದೆ ತನ್ನ ದಾರಿ ಹಿಡಿಯುತ್ತದೆ. ಹೊಸ ಜಾಗದಲ್ಲಿ ನಿಮ್ಮ ಜಾಡಿನ ಉದ್ದ ಮತ್ತೆ ಸೊನ್ನೆ. ಹೀಗೆ ನಾಲ್ಕು ಸಲ ಮಾಡಿದರೆ ನಾಲ್ಕು ಮೋಟು ಜಾಡು ಬಿಟ್ಟಂತಾಯಿತು, ಒಂದೂ ಪೂರ್ತಿಯಾಗಲಿಲ್ಲ.

ಎಂಜಿನ್ ಮುಟ್ಟದೆಯೂ ಜಾಡು ಕಡಿಯಬಹುದು. 20 ಲೀಟರ್ ಬಕೆಟ್ಟಿನಲ್ಲಿ ಹೆಪ್ಪುಗಟ್ಟಿಸಿದ ಚಮ್ ಬೆಚ್ಚಗಿನ ನೀರಿನಲ್ಲಿ ಎರಡು ಗಂಟೆಗೇ ಕರಗಿಬಿಡಬಹುದು, ತಣ್ಣೀರಿನಲ್ಲಿ ನಾಲ್ಕು ಗಂಟೆಯವರೆಗೂ ಬಂದೀತು. ಬಕೆಟ್ ಖಾಲಿಯಾದ ಮೇಲೆ ಇನ್ನೊಂದನ್ನು ಹುಡುಕುವ ಹತ್ತು ನಿಮಿಷದಲ್ಲಿ ಜಾಡಿನಲ್ಲಿ ಮುನ್ನೂರು ಮೀಟರ್ ತೆರಪು ಬೀಳುತ್ತದೆ. ಮೊದಲನೆಯದು ಕಾಲು ಭಾಗ ಉಳಿದಿರುವಾಗಲೇ ಎರಡನೆಯದನ್ನು ನೀರಿಗಿಳಿಸಿ. ದಿನಕ್ಕೆ ಮೂರು ಬಕೆಟ್ ಸಾಕು ಅನ್ನಿಸಿದರೆ ನಾಲ್ಕು ಒಯ್ಯಿರಿ. ಬಂಗುಡೆ, ಭೂತಾಯಿಯಂಥ ಎಣ್ಣೆ ಮೀನೇ ಇರಲಿ. ದೊಡ್ಡ ತುಂಡುಗಳನ್ನು ಧಾರಾಳವಾಗಿ ಎಸೆಯಬೇಡಿ. ಬಂದ ಶಾರ್ಕ್ ಅದನ್ನೇ ತಿಂದು ಹೊಟ್ಟೆ ತುಂಬಿಸಿಕೊಂಡರೆ ನಿಮ್ಮ ಗಾಳದ ಕಡೆ ಯಾಕೆ ತಿರುಗುತ್ತದೆ?

ಇನ್ನೊಂದು ವಿಷಯ ಬಹಳ ಜನಕ್ಕೆ ತಲೆಗೆ ಹೋಗುವುದಿಲ್ಲ. ಜಿಪಿಎಸ್ ತೋರಿಸುವುದು ನೆಲದ ಲೆಕ್ಕದ ವೇಗ, ನೀರಿನ ಲೆಕ್ಕದ್ದಲ್ಲ. ಗಾಳಿಯೇ ಇಲ್ಲದ ದಿನ ಬೋಟ್ ಪ್ರವಾಹದ ಜೊತೆಗೇ 2 ನಾಟ್ ಹೋಗುತ್ತಿದ್ದರೂ ಸುತ್ತಲಿನ ನೀರಿಗೆ ಹೋಲಿಸಿದರೆ ಅದು ನಿಂತೇ ಇರುತ್ತದೆ. ಆಗ ಚಮ್ ಹಿಂದೆ ಹರಡದೆ ನೇರವಾಗಿ ಬೋಟಿನ ಕೆಳಗೆ ಇಳಿದುಹೋಗುತ್ತದೆ. ಒಂದು ಹಿಡಿ ಕೊಚ್ಚಿದ ಮೀನನ್ನು ಪಕ್ಕದಲ್ಲೇ ನೀರಿಗೆ ಹಾಕಿ ನೋಡಿ: ಚೂರುಗಳು ಓರೆಯಾಗಿ ದೂರ ಸರಿಯುತ್ತಾ ಮುಳುಗಿದರೆ ಸರಿ, ಕಾಲಬುಡದಲ್ಲೇ ಮುಳುಗಿದರೆ ಜಾಡೇ ಇಲ್ಲ. ಆಳ ಕಡಿಮೆ ಇದ್ದರೆ ಲಂಗರು ಹಾಕಿ, ಪ್ರವಾಹವೇ ಚಮ್ ಒಯ್ಯಲಿ. ಆಳ ಹೆಚ್ಚಿದ್ದರೆ ಆಗಾಗ ಕೆಲವು ಸೆಕೆಂಡು ಗೇರ್ ಹಾಕಿ ಒಂದೇ ದಿಕ್ಕಿಗೆ ಮೆಲ್ಲಗೆ ಮುಂದೆ ಸರಿಯಿರಿ. ಇದಕ್ಕೂ ಜಾಗ ಬದಲಿಸುವುದಕ್ಕೂ ವ್ಯತ್ಯಾಸವಿದೆ: ಇಲ್ಲಿ ಬಕೆಟ್ ನೀರಿನಲ್ಲೇ ಇರುತ್ತದೆ, ಜಾಡು ಕಡಿಯುವುದಿಲ್ಲ. ಗಾಳಿ ಜೋರಾಗಿ ಜಾಡು ತೆಳುವಾಗುತ್ತಿದ್ದರೆ ನೀರಿಗೆ ಡ್ರೋಗ್ (ಬೋಟನ್ನು ಹಿಂದಕ್ಕೆ ಎಳೆದು ಹಿಡಿಯುವ ಬಟ್ಟೆಯ ಚೀಲ) ಬಿಟ್ಟು ವೇಗ ತಗ್ಗಿಸಿ. ಜಾಡು ಸರಿಯಿದ್ದರೆ ಕಣ್ಣಿಗೇ ಕಾಣುತ್ತದೆ. ಸಣ್ಣ ಅಲೆಗಳ ನಡುವೆ ಎಣ್ಣೆ ಹರಡಿದ ನೀರು ನುಣುಪಾಗಿ ಹೊಳೆಯುವ ಪಟ್ಟಿಯಾಗಿ ಗಾಳಿ ಬರುವ ಕಡೆಗೆ ಚಾಚಿರುತ್ತದೆ, ಅದರ ಮೇಲೆ ಕಡಲ ಹಕ್ಕಿಗಳು ಸೇರುತ್ತವೆ.

ಜಾಗ ಆರಿಸುವುದು ಬೆಳಗ್ಗೆ ಒಂದು ಸಲ, ಅಷ್ಟೆ. ನೀರಿನ ಉಷ್ಣಾಂಶ ಥಟ್ಟನೆ ಒಂದೆರಡು ಡಿಗ್ರಿ ಬದಲಾಗುವ ಅಂಚು, ಎರೆಮೀನಿನ ಹಿಂಡು, ನೆಲ ದಿಢೀರನೆ ಆಳಕ್ಕಿಳಿಯುವ ಜಾಗ, ಇವುಗಳಲ್ಲಿ ಎರಡು ಕೂಡಿದರೆ ಅಲ್ಲೇ ಶುರು ಮಾಡಿ. ಆಮೇಲೆ ನಾಲ್ಕು ಗಂಟೆ ಕದಲಬೇಡಿ. ಮೂರು ಗಾಳ ಸಾಕು: 60 ಮೀಟರ್ ಹಿಂದೆ 30 ಮೀಟರ್ ಆಳದಲ್ಲೊಂದು, 40 ಮೀಟರ್ ಹಿಂದೆ 20 ಮೀಟರ್ ಆಳದಲ್ಲೊಂದು, ಬೋಟಿನ ಹತ್ತಿರ 10 ಮೀಟರ್ ಆಳದಲ್ಲೊಂದು.

ಇನ್ನು ತಪ್ಪಿಸಿಕೊಂಡ ಆ ಶಾರ್ಕ್. ಹರಿದ ತುದಿಯನ್ನು ಬಿಸಾಡಿಲ್ಲ ತಾನೆ? ಬೆಳಕಿಗೆ ಹಿಡಿದು ನೋಡಿ. ನೀಟಾಗಿ ಕತ್ತರಿಸಿದಂತಿದ್ದರೆ ಹಲ್ಲಿನ ಕೆಲಸ. ಹಂದಿಬಾಲದಂತೆ ಸುರುಳಿ ಸುತ್ತಿದ್ದರೆ ಗಂಟು ಜಾರಿದೆ. ಒಂದಷ್ಟು ಉದ್ದಕ್ಕೆ ತರಚಿ ಬೆಳ್ಳಗೆ ಎಳೆ ಎದ್ದಿದ್ದರೆ ಚರ್ಮಕ್ಕೆ ಉಜ್ಜಿದೆ. ಶಾರ್ಕ್ ಚರ್ಮದ ತುಂಬ ಹಲ್ಲಿನಂಥ ಸಣ್ಣ ಹುರುಪೆಗಳಿವೆ, ಮೀನು ಹೊರಳಿದರೆ ದಾರ ತೇಯುತ್ತದೆ. ಕೊಕ್ಕೆಗೆ ಕಟ್ಟಿದ್ದೆ ಅಂತ ನೀವು ಹೇಳಿದ ಒಂದು ಮೀಟರ್ ತಂತಿ ಹಲ್ಲಿಗೆ ಸಾಕಾಗಬಹುದು, ದೇಹಕ್ಕೆ ಸಾಲದು. ಎರಡು ಮೀಟರ್ ತಂತಿಯ ಹಿಂದೆ ಮೂರರಿಂದ ನಾಲ್ಕು ಮೀಟರ್ ದಪ್ಪ ಮೋನೋ ದಾರ (ಒಂದೇ ಎಳೆಯ ನೈಲಾನ್) ಸೇರಿಸಿ. ಒಟ್ಟು ಉದ್ದ ಶಾರ್ಕ್‌ಗಿಂತ ಹೆಚ್ಚಿರಬೇಕು. ರೀಲಿನ ಡ್ರ್ಯಾಗ್ ಅನ್ನು, ಅಂದರೆ ಮೀನು ಎಳೆದಾಗ ದಾರ ಬಿಚ್ಚದಂತೆ ತಡೆಯುವ ಬಿಗಿಯನ್ನು, ಕೈಯಂದಾಜಿನಲ್ಲಿ ಬಿಗಿಯಬೇಡಿ, ಸ್ಪ್ರಿಂಗ್ ತಕ್ಕಡಿಯಿಂದ ಅಳೆಯಿರಿ: 22 ಕಿಲೋ ತಡೆಯುವ ದಾರಕ್ಕೆ 6ರಿಂದ 7 ಕಿಲೋ.

ದುಡ್ಡಿನ ಬಗ್ಗೆ ನನ್ನ ಮಾತು ಕಟುವಾಗಿ ಕೇಳಿಸಬಹುದು. ಮೀನು ಸಿಗಲಿಲ್ಲ ಅಂತ ವಾಪಸ್ ಕೊಡಬೇಡಿ. ಅವರು ಕೊಟ್ಟದ್ದು ಬೋಟಿಗೆ, ಡೀಸೆಲ್‌ಗೆ, ನಿಮ್ಮ ದುಡಿಮೆಗೆ. ಆದರೆ ಹೊರಡುವ ಮೊದಲೇ ಕೂರಿಸಿಕೊಂಡು ಹೇಳಿ: ಮೊದಲ ಎರಡು ಗಂಟೆ ಏನೂ ಆಗದೇ ಇರಬಹುದು, ಅದು ಕೆಲಸದ ಭಾಗ. ನೀವು ಜಾಗ ಬದಲಿಸಿದ್ದೂ ಬಹುಶಃ ಅವರ ಚಡಪಡಿಕೆ ನೋಡಲಾಗದೆ. ಆ ಹೊತ್ತಿನಲ್ಲಿ ಅವರಿಗೆ ಕೆಲಸ ಕೊಡಿ, ಒಬ್ಬರು ಬಕೆಟ್ ನೋಡಿಕೊಳ್ಳಲಿ, ಒಬ್ಬರು ಜಾಡು ನೋಡಲಿ. ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ದುಂಡನೆಯ ಕೊಕ್ಕೆ) ಇದ್ದರೆ ಕಚ್ಚಿದ ಕೂಡಲೇ ಕೋಲು ಜಗ್ಗಬಾರದು ಅಂತಲೂ ಆಗಲೇ ಕಲಿಸಿ. ದಾರ ಬಿಗಿಯಾಗುವವರೆಗೆ ಸುಮ್ಮನೆ ಸುತ್ತಿದರೆ ಕೊಕ್ಕೆ ತಾನಾಗಿ ಬಾಯಿಯ ಮೂಲೆಗೆ ಬಂದು ನೆಡುತ್ತದೆ. ಗಂಟಲಿಗೆ ಇಳಿಯದ ಕೊಕ್ಕೆ ಬಿಡಿಸುವುದು ಸುಲಭ, ಬಿಟ್ಟ ಮೀನು ಬದುಕುವ ಸಾಧ್ಯತೆಯೂ ಹೆಚ್ಚು. ಬೋಟಿನ ಪಕ್ಕಕ್ಕೆ ಬಂದ ಶಾರ್ಕನ್ನು ಫೋಟೋಕ್ಕಾಗಿ ಮೇಲೆತ್ತಬೇಡಿ, ನೀರಿನಲ್ಲೇ ಇರಿಸಿ ತೆಗೆಯಿರಿ. ಕೊಕ್ಕೆ ಬರದಿದ್ದರೆ ತಂತಿಯನ್ನು ಕೊಕ್ಕೆಗೆ ಆದಷ್ಟು ಹತ್ತಿರ ಕತ್ತರಿಸಿ ಬಿಟ್ಟುಬಿಡಿ.