ದೂರು ಮುಗಿಯಿತೆಂದು ಹೇಳಬೇಕಾದವರು ಯಾರು?

ಮಾನ್ಯರೇ,

ಬೀದಿದೀಪ ಕೆಟ್ಟಿದೆಯೆಂದು ನಗರಾಡಳಿತದ ಆ್ಯಪ್‌ನಲ್ಲಿ ದೂರು ಕೊಟ್ಟ ಮೂರನೆಯ ದಿನವೇ ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು, ದೀಪ ಮಾತ್ರ ಇಂದಿಗೂ ಉರಿದಿಲ್ಲ ಎಂದು ಬರೆದಿದ್ದೀರಿ. ಸ್ಮಾರ್ಟ್ ಸಿಟಿಗಳ ಡಿಜಿಟಲ್ ಸೇವೆಗಳಿಂದ ತಮಗೇನು ಬೇಕೆಂದು ನಿವಾಸಿಗಳನ್ನು ಯಾರಾದರೂ ಕೇಳುತ್ತಾರೆಯೇ ಎಂಬುದು ನಿಮ್ಮ ಪ್ರಶ್ನೆ. ಕೇಳುವುದುಂಟು, ಆದರೆ ಆ್ಯಪ್ ಹೇಗಿದೆ ಎಂದು ಕೇಳುವಷ್ಟು ಉತ್ಸಾಹದಿಂದ ದೀಪ ಉರಿಯಿತೇ ಎಂದು ಕೇಳುವುದಿಲ್ಲ.

ನಿಮ್ಮನ್ನು ಕೆರಳಿಸಿದ್ದು ಕತ್ತಲೆಗಿಂತ ಹೆಚ್ಚಾಗಿ ಆ ಸಂದೇಶವೇ ಎಂದು ನನಗನ್ನಿಸುತ್ತದೆ. ದೂರನ್ನು ಮುಕ್ತಾಯಗೊಳಿಸುವ ಗುಂಡಿ ಕೆಲಸ ಮಾಡಬೇಕಾದ ವಿಭಾಗದ ಕೈಯಲ್ಲೇ ಇದ್ದು, ಇಂತಿಷ್ಟು ದಿನದೊಳಗೆ ಎಷ್ಟು ದೂರುಗಳು ಮುಗಿದವು ಎಂಬುದೇ ಆ ವಿಭಾಗದ ಸಾಧನೆಯ ಅಳತೆಗೋಲಾದರೆ, ಕಂಬದ ಬಳಿಗೆ ಯಾರೂ ಹೋಗದೆಯೇ ದೂರು ಮುಗಿಯುವುದರಲ್ಲಿ ಆಶ್ಚರ್ಯವಿಲ್ಲ. ಬ್ರಿಟನ್ನಿನಲ್ಲಿ ಮೈಸೊಸೈಟಿ ಸಂಸ್ಥೆ 2007ರಲ್ಲಿ ಆರಂಭಿಸಿದ ‘ಫಿಕ್ಸ್‌ಮೈಸ್ಟ್ರೀಟ್’ ಜಾಲತಾಣ ಈ ಗಂಟನ್ನು ಸರಳವಾಗಿ ಬಿಡಿಸಿತು. ನಕ್ಷೆಯಲ್ಲಿ ಜಾಗ ಗುರುತಿಸಿದರೆ ಸಾಕು, ದೂರು ಯಾವ ಸ್ಥಳೀಯ ಸಂಸ್ಥೆಗೆ ಸೇರಬೇಕೆಂಬುದನ್ನು ಜಾಲತಾಣವೇ ಕಂಡುಕೊಳ್ಳುತ್ತದೆ; ದೂರು ಎಲ್ಲರ ಕಣ್ಣಿಗೂ ಬೀಳುವಂತೆ ಅಲ್ಲೇ ಉಳಿಯುತ್ತದೆ; 4 ವಾರಗಳ ನಂತರ, ಸರಿಹೋಯಿತೇ ಎಂದು ದೂರು ಕೊಟ್ಟವರನ್ನೇ ಕೇಳುತ್ತದೆ. ಇದಕ್ಕೆ ಬೀದಿಬೀದಿಗೂ ಸಂವೇದಕಗಳು ಬೇಕಿಲ್ಲ, ಗೋಡೆ ತುಂಬ ಪರದೆಗಳಿರುವ ನಿಯಂತ್ರಣ ಕೊಠಡಿಯೂ ಬೇಕಿಲ್ಲ. (ಉದ್ಘಾಟನೆಯ ಛಾಯಾಚಿತ್ರಕ್ಕೆ ಆ ಕೊಠಡಿ ಚೆನ್ನಾಗಿ ಒದಗುತ್ತದೆ ಎಂಬುದನ್ನು ಒಪ್ಪುತ್ತೇನೆ.)

ಒಂದು ಕಚೇರಿಗೆ ಕೊಟ್ಟ ವಿವರವನ್ನೇ ಇನ್ನೊಂದು ಕಚೇರಿಯೂ ಕೇಳುತ್ತದೆ ಎಂಬ ನಿಮ್ಮ ಎರಡನೆಯ ದೂರಿಗೂ ಪರಿಹಾರವಿದೆ. ಎಸ್ಟೋನಿಯಾ 2001ರಿಂದ ‘ಎಕ್ಸ್-ರೋಡ್’ ಎಂಬ ವ್ಯವಸ್ಥೆಯ ಮೂಲಕ ಇಲಾಖೆಗಳ ದತ್ತಾಂಶಗಳನ್ನು ಪರಸ್ಪರ ಜೋಡಿಸಿದೆ. ತನ್ನ ಮಾಹಿತಿಯನ್ನು ಯಾವ ಇಲಾಖೆ ಯಾವಾಗ ನೋಡಿತೆಂಬುದನ್ನು ಅಲ್ಲಿನ ಪ್ರಜೆ ತಾನೇ ಪರಿಶೀಲಿಸಬಹುದು. ಈ ಎರಡನೆಯ ಸೌಲಭ್ಯವಿಲ್ಲದೆ ಮೊದಲನೆಯದನ್ನಷ್ಟೇ ಕೊಡುವ ನಗರವನ್ನು ನಾನಂತೂ ನಂಬಲಾರೆ. ಕೆನಡಾದ ಟೊರಾಂಟೊದ ಜಲತೀರದಲ್ಲಿ ಗೂಗಲ್‌ನ ಸೋದರ ಕಂಪನಿ ಸೈಡ್‌ವಾಕ್ ಲ್ಯಾಬ್ಸ್ 2017ರಲ್ಲಿ ಘೋಷಿಸಿದ ಸ್ಮಾರ್ಟ್ ಬಡಾವಣೆಯ ಯೋಜನೆಯುದ್ದಕ್ಕೂ, ಸಂಗ್ರಹವಾಗುವ ದತ್ತಾಂಶ ಯಾರ ವಶದಲ್ಲಿರುತ್ತದೆ ಎಂದು ಜನ ಪಟ್ಟುಹಿಡಿದು ಕೇಳಿದರು. ಆರ್ಥಿಕ ಅನಿಶ್ಚಿತತೆಯ ಕಾರಣ ನೀಡಿ ಕಂಪನಿ 2020ರಲ್ಲಿ ಹಿಂದೆ ಸರಿದರೂ ಆ ಪ್ರಶ್ನೆ ಉಳಿದಿದೆ.

ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ ಕೌಂಟರು ಉಳಿಯಲೇಬೇಕೆಂಬ ನಿಮ್ಮ ಮಾತಿಗೆ ನಾನು ಸೇರಿಸಬೇಕಾದ್ದೇನೂ ಇಲ್ಲ.

ಸದ್ಯಕ್ಕೆ, ಕಂಬದ ಸಂಖ್ಯೆ ಕಾಣುವಂತೆ ರಾತ್ರಿಯಲ್ಲಿ ತೆಗೆದ ಚಿತ್ರದೊಂದಿಗೆ ಮತ್ತೊಮ್ಮೆ ದೂರು ಕೊಡಿ. ಹಳೆಯ ದೂರಿನ ಸಂಖ್ಯೆಯನ್ನೂ ನಮೂದಿಸಿ, ಅದನ್ನು ಯಾರು, ಯಾವ ಆಧಾರದ ಮೇಲೆ ಮುಗಿಸಿದರೆಂದು ಲಿಖಿತವಾಗಿ ಕೇಳಿ. ಉತ್ತರ ಬಂದರೆ ನಮಗೂ ಕಳುಹಿಸಿ, ಪ್ರಕಟಿಸುತ್ತೇವೆ.

– ಸಂ.