ಆಟಿಕೆ ಜೀಪಿಗೆ ನಮ್ಮ ಕಡೆಯ ಜೀಪಿನ ಬಾಡಿ ಕಟ್ಟುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಪ್ಲಾಸ್ಟಿಕ್ ಪುಲ್‌ಬ್ಯಾಕ್ ಜೀಪ್ ಇದೆ, ಅದನ್ನು ತೀರ್ಥಹಳ್ಳಿ ಕಡೆ ಓಡಾಡುವ ಟಾರ್ಪಾಲ್ ಹುಡ್‌ನ ಹಳೇ ಮಹೀಂದ್ರ ಥರ ಮಾಡಬೇಕು, ಎಲ್ಲದಕ್ಕೂ ಎಂ-ಸೀಲ್ ಸಾಕಾ?

ಸಾಲದು. ಎಂ-ಸೀಲ್‌ನಲ್ಲೇ ಆಕಾರ ಕಟ್ಟಲು ಹೋದರೆ ಗಾಡಿಗೆ ಬಾವು ಬಂದ ಹಾಗೆ ಕಾಣುತ್ತದೆ. ಆಕಾರ ಬರಬೇಕಾದ್ದು ಶೀಟು ಮತ್ತು ತಂತಿಯಿಂದ. ಪುಟ್ಟಿ ಇರುವುದು ಸಂದಿ ಮುಚ್ಚಲಿಕ್ಕೆ. ನಾನು ಶಿವಮೊಗ್ಗದವನು, ಇದೇ ಹುಚ್ಚು ನನಗೂ ಇದೆ. ಹಾಗಾಗಿ ಇಲ್ಲಿ ಸಿಗುವ ಸಾಮಾನಿನ ಲೆಕ್ಕದಲ್ಲೇ ಹೇಳುತ್ತೇನೆ.

ಮೊದಲು ಸ್ಕೇಲ್ ಗೊತ್ತುಮಾಡಿಕೊಳ್ಳಿ, ಅಂದರೆ ನಿಜವಾದ ಗಾಡಿಗಿಂತ ಆಟಿಕೆ ಎಷ್ಟು ಪಟ್ಟು ಚಿಕ್ಕದು ಅನ್ನುವುದು. ಆಟಿಕೆ ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆಯಿರಿ. ಮಹೀಂದ್ರದ ಹಳೇ ಗಿಡ್ಡ ಜೀಪ್, ಅಂದರೆ ವಿಲ್ಲಿಸ್ ಸಿಜೆ-3ಬಿ, ಅದರಲ್ಲಿ ಈ ಅಳತೆ (ವೀಲ್‌ಬೇಸ್) 80 ಇಂಚು, ಸುಮಾರು 2032 ಮಿ.ಮೀ. ನಿಮ್ಮದು 58 ಮಿ.ಮೀ. ಇದ್ದರೆ ಭಾಗಿಸಿ ನೋಡಿ, 35 ಬರುತ್ತದೆ. ಇನ್ನು ಮುಂದೆ ಏನೇ ಅಳೆದರೂ 35ರಿಂದ ಭಾಗಿಸಿದರೆ ಆಯಿತು. ಉದ್ದ ಚಾಸಿಯ ಜೀಪ್ ಬೇಕಿದ್ದರೆ ಊರಲ್ಲಿ ನಿಂತಿರುವ ಯಾವುದಾದರೂ ಜೀಪಿಗೇ ಟೇಪ್ ಹಿಡಿಯಿರಿ. ಓನರ್ ಬೇಡ ಅನ್ನುವುದಿಲ್ಲ, ಗಾಡಿಯ ಜಾತಕ ಹೇಳಿಯೇ ಕಳಿಸುತ್ತಾರೆ.

ಆಮೇಲೆ ಪ್ಲಾಸ್ಟಿಕ್ ಯಾವುದೆಂದು ನೋಡಿ. ಒಳಭಾಗದಿಂದ ಒಂದು ಚೂರು ಕೆರೆದು, ಸೋಪಿನ ನೀರಿನಲ್ಲಿ ಮುಳುಗಿಸಿ ಬಿಡಿ. ಮುಳುಗೇ ಇದ್ದರೆ ಎಬಿಎಸ್ ಅಥವಾ ಪಾಲಿಸ್ಟೈರೀನ್ ಇರಬಹುದು, ಕೆಲಸಕ್ಕೆ ಬರುತ್ತದೆ. ತೇಲಿ ಮೇಲೆ ಬಂದರೆ ಪಾಲಿಪ್ರೊಪಿಲೀನ್ ಜಾತಿಯದ್ದು. ಅದಕ್ಕೆ ಗಮ್ಮೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಮಕ್ಕಳಿಗೆ ಕೊಟ್ಟು ಬೇರೆ ತನ್ನಿ.

ಆಕಾರ ಕಟ್ಟುವ ಸ್ಟೈರೀನ್ ಶೀಟನ್ನು (ತೆಳು ಪ್ಲಾಸ್ಟಿಕ್ ಹಾಳೆ) ಆನ್‌ಲೈನ್‌ನಲ್ಲೇ ತರಿಸಬೇಕು. ಕಾಯಲು ಆಗದಿದ್ದರೆ ಅವಧಿ ಮುಗಿದ ಎಟಿಎಂ ಕಾರ್ಡ್ ಇದೆಯಲ್ಲ, ಅದು 0.76 ಮಿ.ಮೀ. ದಪ್ಪದ ಪಿವಿಸಿ. ಟೇಲ್‌ಗೇಟ್, ಹಿಂದಿನ ಸೈಡ್ ಸೀಟು, ಫುಟ್‌ಬೋರ್ಡ್ ಎಲ್ಲಕ್ಕೂ ಸರಿಹೋಗುತ್ತದೆ. ಕತ್ತರಿಯಲ್ಲಿ ಕತ್ತರಿಸಬೇಡಿ, ಅಂಚು ಸೊಟ್ಟಗಾಗುತ್ತದೆ. ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡಿನಲ್ಲಿ ನಾಲ್ಕೈದು ಸಲ ಹಗುರಾಗಿ ಗೀರಿ, ಆಮೇಲೆ ಬಗ್ಗಿಸಿ ಮುರಿಯಿರಿ. ಅಂಟಿಸಲು ಫೆವಿಕ್ವಿಕ್. ಮಳೆಗಾಲದಲ್ಲಿ ಅದು ಬೇಗ ಹಿಡಿಯುತ್ತದೆ, ಯಾಕೆಂದರೆ ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಆದರೆ ಜಾಸ್ತಿ ಹಾಕಿದರೆ ಸುತ್ತಲೂ ಬಿಳಿ ಹೊಗೆ ಕೂರುತ್ತದೆ. ಗುಂಡುಸೂಜಿಯ ತುದಿಯಲ್ಲಿ ಎತ್ತಿದಷ್ಟು ಸಾಕು.

ಈ ಗಾಡಿಯ ಜೀವ ಇರುವುದು ಹುಡ್‌ನಲ್ಲಿ, ಸಮಯವನ್ನೆಲ್ಲ ಅಲ್ಲೇ ಹಾಕಿ. ಹುಡ್ ಹೊರುವ ಒಂದಿಂಚಿನ ಪೈಪು 35ರ ಲೆಕ್ಕದಲ್ಲಿ 0.73 ಮಿ.ಮೀ. ಆಗುತ್ತದೆ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ 22 ಗೇಜಿನ ತಾಮ್ರದ ತಂತಿಯ ತುಂಡು ಕೇಳಿ, ಅದು 0.71. ಕೈಯಲ್ಲೇ ಬಗ್ಗುತ್ತದೆ. ಅದನ್ನು ಹುಡ್‌ನ ಕಮಾನುಗಳಂತೆ ಬಿಲ್ಲಿನ ಹಾಗೆ ಬಗ್ಗಿಸಿ, ಬಾಡಿಯ ಅಂಚಿಗೆ ಸಣ್ಣ ತೂತು ಕೊರೆದು ನಿಲ್ಲಿಸಿ. ಮೇಲೆ ಟಿಶ್ಯೂ ಪೇಪರ್ ಹೊದೆಸಿ, ನೀರು ಬೆರೆಸಿದ ಫೆವಿಕಾಲ್ ಅನ್ನು ಬ್ರಶ್ಶಿನಲ್ಲಿ ಮುಟ್ಟಿಸುತ್ತಾ ಬನ್ನಿ. ಒದ್ದೆಯಾದ ಕಾಗದ ಬಿಲ್ಲುಗಳ ನಡುವೆ ತಾನಾಗಿ ಜಗ್ಗುತ್ತದೆ, ಮಳೆನೀರು ನಿಂತು ನಿಂತು ಜೋತುಬಿದ್ದ ಟಾರ್ಪಾಲಿನ ಹಾಗೆ. ಅದನ್ನು ಸರಿಮಾಡಲು ಹೋಗಬೇಡಿ, ನಮಗೆ ಬೇಕಾದ್ದೇ ಅದು. ಒಣಗಿದ ಮೇಲೆ ಇನ್ನೊಂದು ಪದರ ಕೊಡಿ. ಕ್ಯಾರಿಯರಿಗೂ ಅದೇ ತಂತಿ.

ಉಳಿದ ಸಂದಿಗಳಿಗೆ ಎಂ-ಸೀಲ್, ಒದ್ದೆ ಬೆರಳಿನಲ್ಲಿ ಒತ್ತಿ. ಗಟ್ಟಿಯಾದ ಮೇಲೆ 400, 800 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹೊಡೆಯಿರಿ. ಕೆಲಸ ಸರಿಯಾಗಿದೆ ಅಂತ ಕಣ್ಣು ಹೇಳಿದರೂ ನಂಬಬೇಡಿ. ಬಣ್ಣಕ್ಕೆ ಮುಂಚಿನ ಬೂದು ಪ್ರೈಮರ್ ಬಿದ್ದ ಮೇಲೇ ಗೀರು, ಗುಂಡಿ ಎಲ್ಲ ಕಾಣುವುದು.

ಬಣ್ಣದ ವಿಷಯದಲ್ಲಿ ನಮ್ಮ ಕಡೆಯವರು ಸ್ವಲ್ಪ ತಡೆದುಕೊಳ್ಳಬೇಕು. ಲ್ಯಾಕರ್ ಸ್ಪ್ರೇ ಹೊಡೆದಾಗ ಥಿನ್ನರ್ ಆರುತ್ತಾ ಬಾಡಿಯ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಬಂದು ಅಲ್ಲಿ ಕೂರುತ್ತದೆ, ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಒಣ ಊರಿನವರ ವಿಡಿಯೊ ನೋಡಿ ಜುಲೈನಲ್ಲಿ ಸ್ಪ್ರೇ ಹಿಡಿದರೆ ಹೀಗೇ ಆಗುವುದು. ಕಾರ್ ಪೇಂಟ್ ಅಂಗಡಿಯವರು ರಿಟಾರ್ಡರ್ (ಬಣ್ಣ ಆರುವುದನ್ನು ನಿಧಾನ ಮಾಡುವ ದ್ರವ) ಹಾಕಿ ಅನ್ನಬಹುದು. ಕಾರಿನ ತಗಡಿಗೆ ಅದು ಸರಿ. ಆದರೆ ಅದು ನಿಧಾನಕ್ಕೆ ಆರುತ್ತದೆ, ಅಷ್ಟು ಹೊತ್ತೂ ಪ್ಲಾಸ್ಟಿಕ್ಕನ್ನು ತಿನ್ನುತ್ತಿರುತ್ತದೆ. ಮಳೆ ಬಿಟ್ಟು ಒಂದೆರಡು ದಿನ ಚೆನ್ನಾಗಿ ಹೊಳವಾಗಲಿ, ಮಧ್ಯಾಹ್ನದ ಬಿಸಿಲಿನಲ್ಲಿ ತೆಳುವಾಗಿ ಹೊಡೆಯಿರಿ. ತಡೆಯಲಾರೆ ಅಂದರೆ ನೀರಿನ ಅಕ್ರಿಲಿಕ್ ಬಣ್ಣವನ್ನು ಬ್ರಶ್ಶಿನಲ್ಲೇ ಹಚ್ಚಿ. ಇನ್ನೊಂದು ಮಾತು, ಬೇಗ ಒಣಗಲಿ ಅಂತ ಬಚ್ಚಲ ಒಲೆಯ ಹತ್ತಿರ ಮಾತ್ರ ಇಡಬೇಡಿ. ಬೂದಿ ಅಂಟುವುದು ಒತ್ತಟ್ಟಿಗಿರಲಿ, ಥಿನ್ನರ್ ಆವಿಗೆ ಬೆಂಕಿ ಹಿಡಿಯುತ್ತದೆ.

ಮುಂದೆ ಹಾಟ್‌ವೀಲ್ಸ್ ಥರದ ಲೋಹದ ಗಾಡಿಗೆ ಕೈ ಹಾಕಿದರೆ, ಅಡಿಯ ರಿವೆಟ್ಟಿನ ತಲೆಯನ್ನು 3 ಮಿ.ಮೀ. ಡ್ರಿಲ್ಲಿನಲ್ಲಿ ತೆಗೆದು ಬಿಚ್ಚಬೇಕು. ಮತ್ತೆ ಜೋಡಿಸಲು ಎಂ2 (2 ಮಿ.ಮೀ.) ಸ್ಕ್ರೂ. ಬಾಡಿ ಸತುವಿನ ಮಿಶ್ರಲೋಹ, ಬಗ್ಗಿಸಿದರೆ ಮುರಿಯುತ್ತದೆ, ಗರಗಸದಲ್ಲೇ ಕತ್ತರಿಸಿ.

ಕೆಸರಿಗೆ ಅಂಗಡಿಯ ಪುಡಿ ಸುಮ್ನೆ ದಂಡ. ರಸ್ತೆ ಬದಿಯ ಕೆಮ್ಮಣ್ಣನ್ನು ಒಣಗಿಸಿ, ನುಣ್ಣಗೆ ಅರೆದು, ಹಳೇ ಪಂಚೆಯಲ್ಲಿ ಜರಡಿ ಹಿಡಿದು ಮ್ಯಾಟ್ ವಾರ್ನಿಶ್‌ಗೆ ಕಲಸಿ. ಚಕ್ರದ ಒಳಗೆ, ಮಡ್‌ಗಾರ್ಡಿನ ಅಡಿಗೆ ದಪ್ಪಗೆ, ಬಾಗಿಲ ಕೆಳಗೆ ತೆಳ್ಳಗೆ ಹಚ್ಚಿ. ನಂಬರ್ ಪ್ಲೇಟ್ ನಮ್ಮ ಶಿವಮೊಗ್ಗದ ಕೆಎ-14 ಹಾಕಿ. ಸಾಗರದ ಗಾಡಿ ಅನ್ನುವುದಾದರೆ ಕೆಎ-15.